ಇಂಗ್ಲಿಷಿನ ಪುಟ್ಟ ಪದಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಸಂಜೆ ಹೊತ್ತು ನಾನು ಕೆಲವರಿಗೆ ಇಂಗ್ಲಿಷ್ ಹೇಳಿಕೊಡುತ್ತೇನೆ. ಬರುವವರಲ್ಲಿ ಪಿಯುಸಿ ಮುಗಿಸಿದ ಮಕ್ಕಳಿದ್ದಾರೆ, ಹೊಲಿಗೆ ಅಂಗಡಿ ಇಟ್ಟವರಿದ್ದಾರೆ, ಹೊರದೇಶದಲ್ಲಿರುವ ಮೊಮ್ಮಕ್ಕಳ ಜೊತೆ ಮಾತಾಡಬೇಕು ಅಂತ ಬರುವ ಅಜ್ಜಿಯರೂ ಇದ್ದಾರೆ. ದೊಡ್ಡ ದೊಡ್ಡ ಪದಗಳ ಅರ್ಥ ಯಾರೂ ಜಾಸ್ತಿ ಕೇಳುವುದಿಲ್ಲ. ಫೋನಿನಲ್ಲಿ ಹುಡುಕಿದರೆ ಅದು ಸಿಕ್ಕಿಬಿಡುತ್ತದೆ. ಎಲ್ಲರೂ ಎಡವುವುದು ಇನ್, ಆನ್, ಟು, ಬೈ, ದಿ ಇಂಥ ಪದಗಳಲ್ಲಿ. ಅದೇ ಪ್ರಶ್ನೆಗಳು ಮತ್ತೆ ಮತ್ತೆ ಬರುತ್ತವೆ. ಅದಕ್ಕೇ ಉತ್ತರಗಳನ್ನು ಇಲ್ಲಿ ಬರೆದಿಟ್ಟಿದ್ದೇನೆ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಕನ್ನಡ ಲಿಪಿಯಲ್ಲಿ ಬರೆದರೆ ಕೆಲವು ಇಂಗ್ಲಿಷ್ ಪದಗಳು ಒಂದೇ ಥರ ಕಾಣುತ್ತವೆ. "ಮೇಜಿನ ಮೇಲೆ" ಅನ್ನುವಾಗ ಬರುವ ಪದವನ್ನು ಇಲ್ಲಿ "ಆನ್" ಅಂತ ಬರೆದಿದ್ದೇನೆ. ಆಪಲ್‌ಗೆ ಮೊದಲು ಬರುವ "ಒಂದು" ಅನ್ನುವ ಪದವನ್ನು "ಆ್ಯನ್" ಅಂತ ಬರೆದಿದ್ದೇನೆ.

ದೊಡ್ಡ ಪದ ಬೇಗ ಬರುತ್ತೆ, ಈ ಸಣ್ಣ ಪದಗಳೇ ಯಾಕೆ ಇಷ್ಟು ಕಷ್ಟ?

ಇವುಗಳಲ್ಲಿ ಹೆಚ್ಚಿನವು ಮಾಡುವ ಕೆಲಸಕ್ಕೆ ಕನ್ನಡದಲ್ಲಿ ಬಿಡಿ ಪದ ಬೇಕಾಗುವುದಿಲ್ಲ. ಪದದ ಕೊನೆಗೆ ಅಂಟಿಕೊಳ್ಳುವ ಬಾಲ ಇದೆ. ಶಾಲೆಯಲ್ಲಿ ರಾಗವಾಗಿ ಬಾಯಿಪಾಠ ಮಾಡಿದ್ದೆವಲ್ಲ: ಉ, ಅನ್ನು, ಇಂದ, ಗೆ, ದೆಸೆಯಿಂದ, ಅ, ಅಲ್ಲಿ. ಅವೇ ವಿಭಕ್ತಿ ಪ್ರತ್ಯಯಗಳು. ನಾವು "ಮೈಸೂರಿನಿಂದ ಮಂಡ್ಯಕ್ಕೆ" ಅಂತ ಎರಡು ಪದದಲ್ಲಿ ಹೇಳುವುದನ್ನು ಇಂಗ್ಲಿಷಿನವರು "ಫ್ರಮ್ ಮೈಸೂರು ಟು ಮಂಡ್ಯ" ಅಂತ ನಾಲ್ಕು ಪದದಲ್ಲಿ ಹೇಳುತ್ತಾರೆ. ನಮ್ಮಲ್ಲಿ ಬಾಲವಾಗಿ ಹಿಂದೆ ಬರುವುದು ಅವರಲ್ಲಿ ತಲೆಯಾಗಿ ಮುಂದೆ ಬರುತ್ತದೆ.

ಇಷ್ಟೇ ಆಗಿದ್ದರೆ ಒಂದು ಪಟ್ಟಿ ಮಾಡಿ ಗೋಡೆಗೆ ಅಂಟಿಸಿಕೊಳ್ಳಬಹುದಿತ್ತು. ತೊಂದರೆ ಏನೆಂದರೆ ಒಂದು ಬಾಲಕ್ಕೆ ಒಂದೇ ಪದ ಅಂತ ಇಲ್ಲ. "ಇಂದ" ಒಂದನ್ನೇ ನೋಡಿ. "ಮೈಸೂರಿನಿಂದ ಬಂದೆ" ಅಂದರೆ ಫ್ರಮ್. "ಚಾಕುವಿನಿಂದ ಹೆಚ್ಚಿದೆ" ಅಂದರೆ ವಿತ್. "ಈ ಚಿತ್ರ ಮಗಳಿಂದ ಬರೆಯಲ್ಪಟ್ಟಿದೆ" ಅಂದರೆ ಬೈ. "ಸೋಮವಾರದಿಂದ ಜ್ವರ" ಅಂದರೆ ಸಿನ್ಸ್. "ಎರಡು ದಿನದಿಂದ ಜ್ವರ" ಅಂದರೆ ಫಾರ್. "ತೇಗದ ಮರದಿಂದ ಮಾಡಿದ ಕುರ್ಚಿ" ಅಂದರೆ ಆಫ್. ಒಂದು "ಇಂದ" ಆರು ಪದಗಳಾಗಿ ಒಡೆಯಿತು. ನಮ್ಮ ತಲೆಯಲ್ಲಿ ಒಂದೇ ಖಾನೆಯಲ್ಲಿರುವುದು ಅಲ್ಲಿ ಆರು ಖಾನೆಯಲ್ಲಿದೆ. ಹಾಗಾಗಿ ತಪ್ಪುವುದು ದಡ್ಡತನದಿಂದ ಅಲ್ಲ. ಕನ್ನಡ ಚೆನ್ನಾಗಿ ಬರುವುದರಿಂದಲೇ ಆ ತಪ್ಪು ಆಗುತ್ತದೆ. ಇದನ್ನು ನಾನು ಮೊದಲ ದಿನವೇ ಎಲ್ಲರಿಗೂ ಹೇಳುತ್ತೇನೆ.

ಬಾಲವನ್ನು ಅನುವಾದ ಮಾಡಬೇಡಿ. ಆ ಬಾಲ ಅಲ್ಲಿ ಯಾವ ಕೆಲಸ ಮಾಡುತ್ತಿದೆ ಅಂತ ಕೇಳಿಕೊಳ್ಳಿ. ಹೊರಟ ಜಾಗ ಹೇಳುತ್ತಿದೆಯಾ, ಕೈಯಲ್ಲಿ ಹಿಡಿದ ವಸ್ತು ಹೇಳುತ್ತಿದೆಯಾ, ಕಾಲ ಹೇಳುತ್ತಿದೆಯಾ? ಅದು ಗೊತ್ತಾದರೆ ಇಂಗ್ಲಿಷ್ ಪದ ತಾನಾಗೇ ಬರುತ್ತದೆ.

ಇನ್, ಆನ್, ಆ್ಯಟ್: ಮೂರಕ್ಕೂ "ಅಲ್ಲಿ" ಅಂತಲೇ ಅರ್ಥ ಅಲ್ವಾ?

ಹೌದು, ಕನ್ನಡದಲ್ಲಿ ಮೂರಕ್ಕೂ "ಅಲ್ಲಿ" ಸಾಕು. ಆದರೆ "ಅಲ್ಲಿ" ಇದ್ದ ಕಡೆ ಬೇರೆ ಪದ ಹಾಕಿ ನೋಡಿ. "ಒಳಗೆ" ಅಂದರೂ ಅರ್ಥ ಕೆಡದಿದ್ದರೆ ಇನ್. ಡಬ್ಬಿಯಲ್ಲಿ ಸಕ್ಕರೆ, ಡಬ್ಬಿಯೊಳಗೆ ಸಕ್ಕರೆ. ಒಂದು ವಸ್ತು ಇನ್ನೊಂದರ ಮೈಗೆ ತಾಗಿಕೊಂಡಿದ್ದರೆ ಆನ್. ಒಳಗೋ ಮೇಲೋ ಅನ್ನುವುದು ಮುಖ್ಯವಲ್ಲ, ಗುರುತಿನ ಜಾಗ ಹೇಳಿದರೆ ಸಾಕು ಅನ್ನುವಾಗ ಆ್ಯಟ್.

ಗೋಡೆಯನ್ನೇ ನೋಡಿ. ಗೋಡೆಯಲ್ಲಿ ಗಡಿಯಾರ ಇದೆ. ಅದು ಗೋಡೆಗೆ ತಾಗಿದೆ, ಆದ್ದರಿಂದ "ಆನ್ ದಿ ವಾಲ್". ಅದೇ ಗೋಡೆಯಲ್ಲಿ ಬಿರುಕು ಇದೆ. ಬಿರುಕು ಗೋಡೆಯ ಒಳಕ್ಕೆ ಇಳಿದಿದೆ, ಆದ್ದರಿಂದ "ಇನ್ ದಿ ವಾಲ್". ಈಗ ತಲೆ ಎತ್ತಿ ಸೂರಿನ ಕಡೆ ನೋಡಿ. ಅಲ್ಲೊಂದು ಹಲ್ಲಿ ತಲೆಕೆಳಗಾಗಿ ಕೂತಿದೆ. ಅದು ಸೂರಿನ ಕೆಳಗಿದ್ದರೂ "ಆನ್ ದಿ ಸೀಲಿಂಗ್". ಆನ್ ಅಂದರೆ "ಮೇಲೆ" ಅಂತಷ್ಟೇ ಕಲಿತವರಿಗೆ ಇಲ್ಲಿ ಗೊಂದಲ ಆಗುತ್ತದೆ. "ತಾಗಿಕೊಂಡು" ಅಂತ ಕಲಿತವರಿಗೆ ಆಗುವುದಿಲ್ಲ.

ಆ್ಯಟ್‌ಗೆ ನನ್ನ ಉದಾಹರಣೆ ಮೆಜೆಸ್ಟಿಕ್. "ಮೆಜೆಸ್ಟಿಕ್‌ನಲ್ಲಿ ಇಳೀರಿ" ಅನ್ನುವಾಗ ಅದು ನಕ್ಷೆಯ ಮೇಲಿನ ಒಂದು ಚುಕ್ಕಿ. ಚುಕ್ಕಿಗೆ ಒಳಗೂ ಇಲ್ಲ, ಮೇಲೂ ಇಲ್ಲ. ಅದಕ್ಕೇ "ಆ್ಯಟ್ ಮೆಜೆಸ್ಟಿಕ್". ಬೆಂಗಳೂರಿನಲ್ಲಿ ವಾಸ ಅನ್ನುವಾಗ ಊರು ನಮ್ಮ ಸುತ್ತ ಹರಡಿಕೊಂಡಿದೆ, ಅದು "ಇನ್ ಬೆಂಗಳೂರು". ಅದೇ ಬೆಂಗಳೂರು ದೂರದ ಪ್ರಯಾಣದಲ್ಲಿ ಒಂದು ನಿಲ್ದಾಣ ಅಷ್ಟೇ ಆಗಿದ್ದರೆ "ದಿ ಟ್ರೇನ್ ಸ್ಟಾಪ್ಸ್ ಆ್ಯಟ್ ಬೆಂಗಳೂರು" ಆಗುತ್ತದೆ. ಊರು ಬದಲಾಗಲಿಲ್ಲ, ನಾವು ಅದನ್ನು ನೋಡುವ ದೂರ ಬದಲಾಯಿತು.

ಬಸ್ಸಿಗೆ ಆನ್, ಆಟೋಗೆ ಇನ್ ಯಾಕೆ?

ಎದ್ದು ನಿಂತು ನಾಲ್ಕು ಹೆಜ್ಜೆ ಹಾಕಬಹುದಾದ ಗಾಡಿಗೆ ಆನ್: ಬಸ್ಸು, ರೈಲು, ವಿಮಾನ, ಹಡಗು. ಬಗ್ಗಿ ಹತ್ತಿ ಕೂತೇ ಹೋಗುವ ಗಾಡಿಗೆ ಇನ್: ಕಾರು, ಆಟೋ. ಸೈಕಲ್, ಬೈಕು, ಕುದುರೆ ಇವುಗಳ ಮೇಲೆ ಕೂರುತ್ತೇವೆ, ಅವಕ್ಕೂ ಆನ್. ಬಸ್ಸಿನ ಒಳಗೇ ಅಂತ ಒತ್ತಿ ಹೇಳಬೇಕಾದರೆ "ಇನ್ ದಿ ಬಸ್" ಅಂದರೂ ತಪ್ಪಿಲ್ಲ.

ಕಾಲಕ್ಕೆ ಯಾವುದು?

ಗಡಿಯಾರದ ಹೊತ್ತಿಗೆ ಆ್ಯಟ್, ದಿನಕ್ಕೆ ಆನ್, ತಿಂಗಳಿಗೂ ವರ್ಷಕ್ಕೂ ಇನ್. ಬೆಳಿಗ್ಗೆ, ಸಂಜೆಗೆ ಇನ್ ಬಂದರೂ ರಾತ್ರಿಗೆ ಆ್ಯಟ್. ಸೋಮವಾರ ಬೆಳಿಗ್ಗೆ ಅಂದ ಕೂಡಲೇ ದಿನದ ಹೆಸರು ಬಂತು, ಮತ್ತೆ ಆನ್. ಇದನ್ನು ಬಾಯಿಪಾಠ ಮಾಡಿಕೊಳ್ಳುವುದೇ ಸರಿ.

"ಮೇಲೆ" ಅಂದಾಗಲೆಲ್ಲ ಆನ್ ಹಾಕಬಹುದಾ?

ಇಲ್ಲ. ನಾವು "ಮೇಲೆ" ಅನ್ನುವುದನ್ನು ಮನಸ್ಸಿನ ವಿಷಯಕ್ಕೂ ಬಳಸುತ್ತೇವೆ. "ಅವನ ಮೇಲೆ ಕೋಪ" ಇಂಗ್ಲಿಷಿನಲ್ಲಿ "ಆ್ಯಂಗ್ರಿ ವಿತ್ ಹಿಮ್". "ನಿನ್ನ ಮೇಲೆ ನಂಬಿಕೆ ಇದೆ" ಅನ್ನುವುದು "ಫೇತ್ ಇನ್ ಯು". "ಅವಳ ಮೇಲೆ ಪ್ರೀತಿ" ಅನ್ನುವುದು "ಲವ್ ಫಾರ್ ಹರ್". ಇನ್ನೊಂದು ಇದೇ ಥರದ್ದು: "ಅವನ ಜೊತೆ ಮದುವೆ ಆಯಿತು". ಜೊತೆ ಇದೆಯಲ್ಲ ಅಂತ ವಿತ್ ಹಾಕುತ್ತೇವೆ. ಅಲ್ಲಿ ಬರುವುದು "ಮ್ಯಾರೀಡ್ ಟು".

ಕೆಲವು ಕಡೆ ಏನೂ ಬೇಡ. "ಬಗ್ಗೆ ಚರ್ಚೆ ಮಾಡು" ಅಂತ ನಮ್ಮಲ್ಲಿ ಇರುವುದರಿಂದ "ಡಿಸ್ಕಸ್ ಅಬೌಟ್" ಅಂದುಬಿಡುತ್ತೇವೆ. ಡಿಸ್ಕಸ್ ಅನ್ನುವುದರ ಹೊಟ್ಟೆಯಲ್ಲೇ "ಬಗ್ಗೆ" ಇದೆ. "ಮನೆಗೆ ಹೋಗು" ಅನ್ನುವುದಕ್ಕೂ "ಗೋ ಹೋಮ್" ಸಾಕು, ಟು ಬೇಡ.

"ಸಿನ್ಸ್ ಟೂ ಇಯರ್ಸ್" ಅಂದರೆ ಏನು ತಪ್ಪು?

ಅರ್ಥ ಆಗುತ್ತದೆ, ಆದರೆ ಅದು ತಪ್ಪೇ. ಸಿನ್ಸ್ ಶುರುವಾದ ಘಳಿಗೆ ಹೇಳುತ್ತದೆ: 2019ರಿಂದ, ಯುಗಾದಿಯಿಂದ, ಮದುವೆ ಆದಾಗಿನಿಂದ. ಫಾರ್ ಉದ್ದ ಹೇಳುತ್ತದೆ: ಎರಡು ವರ್ಷ, ಹತ್ತು ನಿಮಿಷ. ಕ್ಯಾಲೆಂಡರಿನಲ್ಲಿ ಬೊಟ್ಟಿಟ್ಟು ತೋರಿಸಬಹುದಾದರೆ ಸಿನ್ಸ್. ಎಣಿಸಬೇಕಾದರೆ ಫಾರ್.

ಬೈ ಮತ್ತು ಟಿಲ್ ನಡುವೆ ಏನು ವ್ಯತ್ಯಾಸ?

ಇದಕ್ಕೆ ನನ್ನದೇ ಒಂದು ಕಥೆ ಹೇಳುತ್ತೇನೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಹೊರದೇಶದಿಂದ ಬಂದಿದ್ದ ಒಬ್ಬರನ್ನು ಭೇಟಿ ಮಾಡಬೇಕಿತ್ತು. ನಾನು ಐದು ಗಂಟೆಯೊಳಗೆ ಬರುತ್ತೇನೆ ಅಂತ ಮನಸ್ಸಿನಲ್ಲಿ ಇಟ್ಟುಕೊಂಡು "ಐ ವಿಲ್ ಬಿ ದೇರ್ ಟಿಲ್ ಫೈವ್" ಅಂತ ಬರೆದೆ. ಟಿಲ್ ಅಂದರೆ "ವರೆಗೆ". ಐದರವರೆಗೂ ನಾನು ಅಲ್ಲೇ ಇರುತ್ತೇನೆ ಅಂತ ಅವರು ತಿಳಿದರು. ಮೂರೂವರೆಗೇ ಬಂದು ಕೂತರು. ನಾನು ಹೋದಾಗ ಐದಕ್ಕೆ ಹತ್ತು ನಿಮಿಷ. ಮೇಜಿನ ಮೇಲೆ ಅವರ ಟೀ ಲೋಟದಲ್ಲಿ ಕೆನೆ ಕಟ್ಟಿತ್ತು. ಅವರು ಬೈಯಲಿಲ್ಲ. ಫೋನು ತೆಗೆದು ನನ್ನ ಸಾಲನ್ನು ತೋರಿಸಿದರು ಅಷ್ಟೇ. ಆ ನಾಲ್ಕಕ್ಷರದ ಪದವನ್ನು ಅವತ್ತಿನಿಂದ ನಾನು ಮರೆತಿಲ್ಲ.

"ಒಳಗೆ" ಅನ್ನುವುದಕ್ಕೆ ಬೈ. "ವರೆಗೆ" ಅನ್ನುವುದಕ್ಕೆ ಟಿಲ್ ಅಥವಾ ಅನ್‌ಟಿಲ್. "ಸೋಮವಾರದೊಳಗೆ ಅರ್ಜಿ ಕೊಡಿ" ಅಂದರೆ ಬೈ ಮಂಡೇ. "ಸೋಮವಾರದವರೆಗೆ ಅಂಗಡಿ ಮುಚ್ಚಿರುತ್ತದೆ" ಅಂದರೆ ಟಿಲ್ ಮಂಡೇ. ಒಂದು ಸಲ ಮಾಡಿ ಮುಗಿಸುವ ಕೆಲಸಕ್ಕೆ ಬೈ, ಅಲ್ಲಿಯ ತನಕ ನಡೆಯುತ್ತಲೇ ಇರುವುದಕ್ಕೆ ಟಿಲ್. ಅರ್ಜಿ, ಫೀಸು, ಕಂತು ಇವುಗಳ ನೋಟಿಸಿನಲ್ಲಿ ಬೈ ಕಂಡರೆ ಆ ತಾರೀಖಿನ ಹಿಂದಿನ ದಿನವೇ ಕೆಲಸ ಮುಗಿಸಿಬಿಡಿ. ಕೊನೆಯ ದಿನದ ಸಾಲಿನಲ್ಲಿ ನಿಲ್ಲುವ ಕಷ್ಟ ತಪ್ಪುತ್ತದೆ.

"ಬೈ ಟು ಕಾಫಿ"ಯ ಬೈ ಯಾವುದು?

ಭಾಗಾಕಾರದ ಬೈ. ಒಂದು ಕಾಫಿಯನ್ನು ಎರಡು ಲೋಟಕ್ಕೆ ಹಂಚಿ ಕೊಡಿ ಅಂತ. ದರ್ಶಿನಿಗಳಲ್ಲಿ ದಿನಾ ಕೇಳುವ ಮಾತು. ನನಗೆ ತುಂಬ ಇಷ್ಟವಾದ ಬಳಕೆ ಇದು, ಯಾಕೆಂದರೆ ಇಂಗ್ಲಿಷಿನ ಎರಡು ಪದ ಇಟ್ಟುಕೊಂಡು ನಮ್ಮವರು ತಮ್ಮ ಅಗತ್ಯಕ್ಕೆ ಹೊಸ ಮಾತು ಕಟ್ಟಿಕೊಂಡಿದ್ದಾರೆ. ಲಂಡನ್ನಿನ ಕಾಫಿ ಅಂಗಡಿಯಲ್ಲಿ ಹೀಗೆ ಕೇಳಿದರೆ ಅರ್ಥ ಆಗುವುದಿಲ್ಲ. ಅಲ್ಲಿ ಒಂದು ಕಾಫಿ, ಎರಡು ಕಪ್ಪು ಅಂತ ಬಿಡಿಸಿ ಹೇಳಬೇಕು.

"ಥರ್ಟಿ ಬೈ ಫಾರ್ಟಿ ಸೈಟು" ಅನ್ನುವಾಗಿನ ಬೈ ಅಳತೆಯದು. 30 ಅಡಿ ಅಗಲ, 40 ಅಡಿ ಉದ್ದ. ಇದು ಎಲ್ಲ ದೇಶದಲ್ಲೂ ನಡೆಯುತ್ತದೆ.

ಎ ಮತ್ತು ದಿ ಕನ್ನಡದಲ್ಲಿ ಇಲ್ಲವಲ್ಲ, ಹೇಗೆ ಕಲಿಯುವುದು?

ಇಲ್ಲ ಅನ್ನಬೇಡಿ. ಅಜ್ಜಿ ಹೇಳಿದ ಕಥೆ ನೆನಪು ಮಾಡಿಕೊಳ್ಳಿ. "ಒಂದೂರಲ್ಲಿ ಒಬ್ಬ ರಾಜ ಇದ್ದ. ಆ ರಾಜನಿಗೆ ಮೂವರು ಹೆಂಡತಿಯರು." ಮೊದಲ ಸಲ ರಾಜ ಬಂದಾಗ ಅವನು ಯಾರೋ ನಮಗೆ ಗೊತ್ತಿಲ್ಲ, ಅದಕ್ಕೆ ಅಜ್ಜಿ "ಒಬ್ಬ" ಅಂದಳು. ಎರಡನೇ ಸಲ ಅವನು ಪರಿಚಯದವನಾದ, "ಆ" ಅಂದಳು. ಆ "ಒಬ್ಬ" ಅನ್ನುವುದೇ ಎ. ಆ "ಆ" ಅನ್ನುವುದೇ ದಿ. ಅಜ್ಜಿಯ ಕಥೆಯನ್ನು ಇಂಗ್ಲಿಷಿನಲ್ಲಿ ಹೇಳಿದರೆ ಮೊದಲ ಸಾಲಿಗೆ "ಎ ಕಿಂಗ್", ಎರಡನೆಯದಕ್ಕೆ "ದಿ ಕಿಂಗ್" ಸರಿಯಾಗಿ ಕೂರುತ್ತವೆ.

ವ್ಯತ್ಯಾಸ ಇಷ್ಟೇ. ನಮಗೆ ಅದು ಬೇಕಾದಾಗ ಹಾಕುವ ಪದ. "ಬಾಗಿಲು ಹಾಕು" ಅಂದರೆ ಯಾವ ಬಾಗಿಲು ಅಂತ ಮನೆಯವರಿಗೆ ಗೊತ್ತು. ಅದಕ್ಕೇ ಕನ್ನಡದಲ್ಲಿ ಏನೂ ಹಾಕುವುದಿಲ್ಲ. ಇಂಗ್ಲಿಷಿನಲ್ಲಿ ಅದೇ ಕಾರಣಕ್ಕೆ ಹಾಕಲೇಬೇಕು: "ಕ್ಲೋಸ್ ದಿ ಡೋರ್". ಕೇಳುವವರಿಗೆ ಯಾವುದು ಅಂತ ಗೊತ್ತಿದ್ದರೆ ದಿ. ಗೊತ್ತಿಲ್ಲದಿದ್ದರೆ, ಒಂದೇ ಆಗಿದ್ದರೆ, ಎ. ಸೂರ್ಯ, ಚಂದ್ರ ಎಲ್ಲರಿಗೂ ಗೊತ್ತು, ಅವಕ್ಕೆ ಸಾಮಾನ್ಯವಾಗಿ ದಿ. ಅನ್ನ, ನೀರು, ಪ್ರೀತಿ, ತಾಳ್ಮೆ ಇಂಥವನ್ನು ಸುಮ್ನೆ ಸಾಮಾನ್ಯವಾಗಿ ಹೇಳುವಾಗ ಎರಡೂ ಬೇಡ. ಊರು, ಮನುಷ್ಯರ ಹೆಸರಿಗೂ ಬೇಡ. ಆದರೆ ನದಿಗೆ ಬೇಕು: ದಿ ಕಾವೇರಿ.

ಇಂಗ್ಲಿಷಿನಲ್ಲಿ ಅತಿ ಹೆಚ್ಚು ಸಲ ಬರುವ ಪದ ಈ ದಿ. ಅದಕ್ಕೇ ಇದನ್ನು ಬಿಟ್ಟರೆ ಕೇಳುವವರಿಗೆ ಏನೋ ಕಮ್ಮಿ ಅನಿಸುತ್ತದೆ.

"ಆ್ಯನ್ ಎಂಎಲ್‌ಎ" ಸರೀನಾ? "ಎ ಎಂಎಲ್‌ಎ" ಅಂತ ಯಾಕೆ ಅನ್ನಬಾರದು?

ಆ್ಯನ್ ಸರಿ. ನೋಡಬೇಕಾದ್ದು ಬರೆಯುವ ಅಕ್ಷರವನ್ನಲ್ಲ, ಬಾಯಿಂದ ಬರುವ ಮೊದಲ ಸದ್ದನ್ನು. ಎಂಎಲ್‌ಎ ಶುರುವಾಗುವುದು "ಎ" ಅನ್ನುವ ಸ್ವರದಿಂದ. ಸ್ವರಕ್ಕೆ ಮೊದಲು ಆ್ಯನ್.

ಕನ್ನಡಿಗರಿಗೆ ಇಲ್ಲಿ ಒಂದು ವಿಶೇಷ ತೊಡಕು ಇದೆ. ನಾವು "ಎಮ್ಮೆ" ಅಂತ ಬರೆದು "ಯೆಮ್ಮೆ" ಅನ್ನುತ್ತೇವೆ. "ಎಲ್ಲಿ" ಅನ್ನುವುದನ್ನು "ಯೆಲ್ಲಿ" ಅನ್ನುತ್ತೇವೆ. ಹಾಗೇ ನಮ್ಮ ಬಾಯಲ್ಲಿ ಅದು "ಯೆಮ್ಮೆಲ್ಲೆ" ಆಗುತ್ತದೆ. ಮೊದಲಲ್ಲಿ ಯಕಾರ ಬಂದಮೇಲೆ ಕಿವಿಗೆ "ಎ" ಅನ್ನುವುದೇ ಸರಿ ಅನಿಸುತ್ತದೆ. ಆ ಯಕಾರ ಬಿಟ್ಟು ಹೇಳಿ ನೋಡಿ, ಆ್ಯನ್ ತಾನಾಗೇ ಬರುತ್ತದೆ.

ಯೂನಿವರ್ಸಿಟಿಗೆ ಇದರ ತಿರುಗುಮುರುಗು. ಬರೆಯುವಾಗ ಸ್ವರದ ಅಕ್ಷರ, ಹೇಳುವಾಗ ನಿಜವಾಗಿಯೂ ಯಕಾರ. ಅದಕ್ಕೆ "ಎ ಯೂನಿವರ್ಸಿಟಿ". ಗಂಟೆ ಅನ್ನುವ ಅವರ್ ಪದದಲ್ಲಿ ಎಚ್ ಸದ್ದು ಮಾಡುವುದಿಲ್ಲ, "ಆ್ಯನ್ ಅವರ್". ಒಂದು ರೂಪಾಯಿ ನಾಣ್ಯ ವಕಾರದಿಂದ ಶುರು, "ಎ ವನ್ ರುಪೀ ಕಾಯಿನ್".

ಎ ಮೊದಲು ಬಂದದ್ದಾ, ಆ್ಯನ್ ಮೊದಲು ಬಂದದ್ದಾ?

ಆ್ಯನ್ ಹಳೆಯದು. ಹಳೆಯ ಇಂಗ್ಲಿಷಿನಲ್ಲಿ ಅದು "ಒಂದು" ಅನ್ನುವ ಸಂಖ್ಯೆಯೇ ಆಗಿತ್ತು. ಈಗಿನ ವನ್ ಕೂಡ ಅದರಿಂದಲೇ ಬಂದದ್ದು. ನಮ್ಮ "ಒಂದು" ಮತ್ತು "ಒಬ್ಬ" ಮಾಡುವ ಕೆಲಸವನ್ನು ಅದು ಮಾಡುತ್ತಾ ಮಾಡುತ್ತಾ ಸವೆದು ಎ ಆಯಿತು.

ಈ ನಕಾರ ಎಲ್ಲಿ ಸೇರಬೇಕು ಅಂತ ಇಂಗ್ಲಿಷಿನವರೇ ಹಿಂದೆ ಗೊಂದಲ ಮಾಡಿಕೊಂಡಿದ್ದಾರೆ. ಅಡುಗೆಮನೆಯಲ್ಲಿ ಕಟ್ಟಿಕೊಳ್ಳುವ ಏಪ್ರನ್ ಮೊದಲು "ನೇಪ್ರನ್" ಆಗಿತ್ತು. "ಎ ನೇಪ್ರನ್" ಅನ್ನುತ್ತಾ ಅನ್ನುತ್ತಾ ನಕಾರ ಹಿಂದಕ್ಕೆ ಹೋಗಿ "ಆ್ಯನ್ ಏಪ್ರನ್" ಆಯಿತು. ನಿಕ್‌ನೇಮ್ ಇದಕ್ಕೆ ಉಲ್ಟಾ. ಅದು "ಈಕ್‌ನೇಮ್", ಅಂದರೆ ಇನ್ನೊಂದು ಹೆಸರು. ಆ್ಯನ್‌ನ ನಕಾರ ಮುಂದಕ್ಕೆ ಅಂಟಿ ನಿಕ್‌ನೇಮ್ ಆಯಿತು.

ಆರೆಂಜ್ ಕಥೆ ನಮಗೆ ಇನ್ನೂ ಹತ್ತಿರದ್ದು. ಸಂಸ್ಕೃತದ ನಾರಂಗ ಪರ್ಷಿಯನ್, ಅರಬ್ಬಿ ದಾಟಿ ಯುರೋಪಿಗೆ ಹೋಯಿತು. ಆ ನಾರಂಗವೇ ದ್ರಾವಿಡ ಮೂಲದ್ದು ಅನ್ನುವ ವಿದ್ವಾಂಸರಿದ್ದಾರೆ. ಸ್ಪ್ಯಾನಿಷಿನಲ್ಲಿ ಇವತ್ತಿಗೂ ಮೊದಲ ನಕಾರ ಉಳಿದಿದೆ. ಇಂಗ್ಲಿಷಿಗೆ ಬರುವ ಮೊದಲೇ, ಫ್ರೆಂಚಿನ ದಾರಿಯಲ್ಲಿ, ಅದು ಬಿದ್ದುಹೋಗಿತ್ತು.

ಆಫ್ ಅಂದರೆ "ಅ" ಪ್ರತ್ಯಯವಾ, ದೀಪ ಆರಿಸುವುದಾ?

ಎರಡು ಬೇರೆ ಪದ. ಒಂದು ಎಫ್ ಇರುವುದು ಸಂಬಂಧ ಹೇಳುತ್ತದೆ, ನಮ್ಮ ಷಷ್ಠಿ ವಿಭಕ್ತಿಯ ಹಾಗೆ. ಅದರ ಉಚ್ಚಾರ "ಆವ್" ಅನ್ನುವುದಕ್ಕೆ ಹತ್ತಿರ. ಎರಡು ಎಫ್ ಇರುವುದು ಬಿಟ್ಟು ದೂರ ಆಗುವುದನ್ನು ಹೇಳುತ್ತದೆ: ಲೈಟ್ ಆಫ್, ರಜೆಯ ಡೇ ಆಫ್. ಮೂಲದಲ್ಲಿ ಎರಡೂ ಒಂದೇ ಪದವಾಗಿದ್ದವು. ಒತ್ತಿ ಹೇಳುವ ರೂಪ ಬೇರೆಯಾಗಿ ನಿಧಾನವಾಗಿ ತನ್ನದೇ ಕಾಗುಣಿತ ಪಡೆಯಿತು. "ಗೆ" ಅನ್ನುವ ಅರ್ಥದ ಟು, "ಅತಿಯಾಗಿ" ಅನ್ನುವ ಅರ್ಥದ ಟೂ ಕೂಡ ಹೀಗೇ ಒಂದರಿಂದ ಎರಡಾದವು.

ಟೂ ಮತ್ತು ವೆರಿ ಒಂದೇನಾ?

ಅಲ್ಲ. ವೆರಿ ಅಂದರೆ ತುಂಬಾ. ಟೂ ಅಂದರೆ ಬೇಕಾದ್ದಕ್ಕಿಂತ ಜಾಸ್ತಿ, ಅದರಿಂದ ತೊಂದರೆ. "ಟೂ ಹಾಟ್ ಟು ಡ್ರಿಂಕ್" ಅಂದರೆ ಕುಡಿಯಲಾಗದಷ್ಟು ಬಿಸಿ. ಊಟ ಬಡಿಸಿದವರಿಗೆ "ವೆರಿ ಟೇಸ್ಟಿ" ಅನ್ನಿ.

"ಊಟ ಆಗಿಲ್ವಾ?" ಅಂತ ಇಂಗ್ಲಿಷಿನಲ್ಲಿ ಕೇಳಿದರೆ ಯೆಸ್ ಅನ್ನಬೇಕಾ, ನೋ ಅನ್ನಬೇಕಾ?

ಇದು ತುಂಬ ಒಳ್ಳೆಯ ಪ್ರಶ್ನೆ. ಆಸ್ಪತ್ರೆ, ವೀಸಾ ಸಂದರ್ಶನದಂಥ ಕಡೆ ಇದರಿಂದ ನಿಜವಾದ ತೊಂದರೆ ಆಗಬಹುದು.

ಕನ್ನಡದಲ್ಲಿ ನಾವು ಕೇಳಿದವರ ಮಾತಿಗೆ ಉತ್ತರ ಕೊಡುತ್ತೇವೆ. "ಊಟ ಆಗಿಲ್ವಾ?" ಅಂದರೆ "ಹೌದು, ಆಗಿಲ್ಲ" ಅನ್ನುತ್ತೇವೆ. ನೀವು ಅಂದುಕೊಂಡದ್ದು ಸರಿ ಅನ್ನುವ ಹೌದು ಅದು. ಇಂಗ್ಲಿಷಿನಲ್ಲಿ ಕೇಳಿದ ರೀತಿ ಲೆಕ್ಕಕ್ಕಿಲ್ಲ, ನಡೆದ ವಿಷಯ ಮಾತ್ರ ಲೆಕ್ಕ. ಊಟ ಆಗಿದ್ದರೆ ಯೆಸ್, ಆಗಿಲ್ಲದಿದ್ದರೆ ನೋ. ಪ್ರಶ್ನೆ ಹೇಗೇ ಇರಲಿ.

ಆಪರೇಷನ್‌ಗೆ ಮುಂಚೆ ನರ್ಸ್ "ಹ್ಯಾವೆಂಟ್ ಯು ಈಟನ್?" ಅಂತ ಕೇಳಿದರು ಅಂದುಕೊಳ್ಳಿ. ಖಾಲಿ ಹೊಟ್ಟೆಯಲ್ಲಿರುವ ನಾವು ಕನ್ನಡದ ಅಭ್ಯಾಸದಿಂದ "ಯೆಸ್" ಅಂದರೆ ತಿಂದಿದ್ದಾರೆ ಅಂತ ಬರೆದುಕೊಳ್ಳಬಹುದು. ಹಾಗಾಗಿ ಒಂಟಿ ಯೆಸ್, ಒಂಟಿ ನೋ ಬೇಡ. "ನೋ, ಐ ಹ್ಯಾವೆಂಟ್ ಈಟನ್" ಅಂತ ಪೂರ್ತಿ ಹೇಳಿ.

"ಐ ಆ್ಯಮ್ ಹಿಯರ್ ಓನ್ಲಿ" ಅಂದರೆ ಜನ ಯಾಕೆ ಗುರುತು ಹಿಡಿಯುತ್ತಾರೆ?

ಅದು ಕನ್ನಡದ "ಇಲ್ಲೇ ಇದ್ದೀನಿ". ನಮ್ಮ ಪದದ ಕೊನೆಯ ಏಕಾರಕ್ಕೆ ಎಷ್ಟು ಬಲ! ಇಲ್ಲೇ, ಇವತ್ತೇ, ನಾನೇ. ಆ ಒತ್ತನ್ನು ಇಂಗ್ಲಿಷಿನವರು ಧ್ವನಿಯಲ್ಲಿ ಕೊಡುತ್ತಾರೆ, "ಹಿಯರ್" ಅನ್ನುವುದನ್ನು ಗಟ್ಟಿಯಾಗಿ ಹೇಳುತ್ತಾರೆ. ನಾವು ಓನ್ಲಿ ಹಾಕುತ್ತೇವೆ. ಭಾರತದ ಬೇರೆ ಭಾಷೆಯವರೂ ಹೀಗೇ ಮಾತಾಡುವುದರಿಂದ ಇಲ್ಲಿ ಎಲ್ಲರಿಗೂ ಅರ್ಥ ಆಗುತ್ತದೆ. ಗೆಳೆಯರ ಜೊತೆ ಧೈರ್ಯವಾಗಿ ಬಳಸಿ. ಸಂದರ್ಶನದಲ್ಲಿ, ಅರ್ಜಿಯಲ್ಲಿ ಬೇಡ.

ಚೆಕ್ಕಿನಲ್ಲಿ ಮೊತ್ತದ ಕೊನೆಗೆ ಬರೆಯುವ ಓನ್ಲಿ ನಮ್ಮ "ಮಾತ್ರ". ಮುಂದೆ ಯಾರೂ ಇನ್ನೊಂದು ಪದ ಸೇರಿಸದಿರಲಿ ಅಂತ. ಅದನ್ನು ಬಿಡಬೇಡಿ.

ಅರ್ಜಿಯಲ್ಲಿ ಹೆಸರಿನ ಪಕ್ಕ ಬರುವ ಎಸ್ ಬಾರ್ ಓ, ಡಬ್ಲ್ಯು ಬಾರ್ ಓ ಏನು?

ಸನ್ ಆಫ್, ವೈಫ್ ಆಫ್. ಡಿ ಬಂದರೆ ಡಾಟರ್ ಆಫ್. ಸಿ ಬಂದರೆ ಕೇರ್ ಆಫ್, ಅಂದರೆ ಯಾರ ಮೂಲಕ ತಲುಪಿಸಬೇಕೋ ಅವರ ಹೆಸರು. ಅಲ್ಲಿರುವ ಒಂದು ಓ ಅಕ್ಷರ ನಮ್ಮ ಒಂದು ಎಫ್‌ನ ಆಫ್.

ನಮ್ಮ ಹಳೆಯ ಪತ್ರಗಳನ್ನು ತೆಗೆದು ನೋಡಿ. ಜಮೀನಿನ ದಾಖಲೆಯಲ್ಲಿ "ರಾಮಪ್ಪ ಬಿನ್ ಸಿದ್ದಪ್ಪ" ಅಂತ ಇರುತ್ತದೆ. ಹೆಂಗಸರ ಹೆಸರಿಗೆ "ಕೋಂ" ಅಂತ ಬರುತ್ತದೆ. ಬಿನ್ ಅಂದರೆ ಮಗ, ಅರಬ್ಬಿಯಿಂದ ಬಂದದ್ದು. ಕೋಂ ಅಂದರೆ ಹೆಂಡತಿ ಅನ್ನುವ ಅರ್ಥ. ಇಂಗ್ಲಿಷ್ ಓದಲು ಹೆದರುವ ಎಷ್ಟೋ ರೈತರು ಬಿನ್, ಕೋಂ ಎರಡನ್ನೂ ಲೀಲಾಜಾಲವಾಗಿ ಓದುತ್ತಾರೆ. ಹೊರಗಿನಿಂದ ಬಂದ ಪುಟ್ಟ ಪದವೊಂದನ್ನು ಅವರು ಆಗಲೇ ಕಲಿತಿದ್ದಾರೆ.

ಫ್ಯೂ ಮತ್ತು ಎ ಫ್ಯೂ?

"ಎ ಫ್ಯೂ ಪೀಪಲ್ ಕೇಮ್": ಒಂದಿಷ್ಟು ಜನ ಬಂದರು, ಪರವಾಗಿಲ್ಲ. "ಫ್ಯೂ ಪೀಪಲ್ ಕೇಮ್": ಬಂದವರೇ ಕಮ್ಮಿ. ಲಿಟಲ್, ಎ ಲಿಟಲ್ ಕೂಡ ಹೀಗೇ.

ಅಪ್ ಅಂದರೆ ಮೇಲೆ. ಹಾಗಾದರೆ "ಈಟ್ ಅಪ್" ಅಂದರೆ ಏನು?

ತಿಂದುಬಿಡು. ಇದನ್ನು ಹೇಳುವಾಗ ನನಗೆ ಪ್ರತಿ ಸಲ ಖುಷಿಯಾಗುತ್ತದೆ. "ತಿನ್ನು" ಮತ್ತು "ತಿಂದುಬಿಡು" ನಡುವೆ ಏನು ವ್ಯತ್ಯಾಸ ಅಂತ ನಮಗೆ ಯಾರೂ ಹೇಳಿಕೊಟ್ಟಿಲ್ಲ, ಆದರೂ ಗೊತ್ತು. "ಬಿಡು" ಸೇರಿದರೆ ಕೆಲಸ ಪೂರ್ತಿ ಮುಗಿಯಬೇಕು. ಅಲ್ಲಿ ಏನನ್ನೂ ಬಿಡುವ ಅರ್ಥ ಇಲ್ಲ. ಹಾಗೇ "ಈಟ್ ಅಪ್" ಅನ್ನುವುದರಲ್ಲಿ ಯಾವುದೂ ಮೇಲಕ್ಕೆ ಹೋಗುವುದಿಲ್ಲ. ಡ್ರಿಂಕ್ ಅಪ್ ಅಂದರೆ ಕುಡಿದುಬಿಡು. ಫಿನಿಶ್ ಅಪ್ ಅಂದರೆ ಮುಗಿಸಿಬಿಡು. ಚಾಪ್ ಅಪ್ ಅಂದರೆ ಕೊಚ್ಚಿಹಾಕು. ಇನ್ನು "ಲುಕ್" ಅಂದರೆ ನೋಡು, "ಲುಕ್ ಆಫ್ಟರ್" ಅಂದರೆ ನೋಡಿಕೋ. "ಅಮ್ಮನನ್ನು ನೋಡು" ಅನ್ನುವುದಕ್ಕೂ "ಅಮ್ಮನನ್ನು ನೋಡಿಕೋ" ಅನ್ನುವುದಕ್ಕೂ ಎಷ್ಟು ದೂರ ಅಲ್ವಾ?

ನಾವು ಬಿಡು, ಹಾಕು, ಕೋ ಸೇರಿಸಿ ಮಾಡುವುದನ್ನು ಅವರು ಅಪ್, ಔಟ್, ಆಫ್, ಆಫ್ಟರ್ ಸೇರಿಸಿ ಮಾಡುತ್ತಾರೆ. ಎಲ್ಲವೂ ಸಾಲಾಗಿ ಹೊಂದುವುದಿಲ್ಲ. ಗಿವ್ ಅಪ್ ಅಂದರೆ ಕೈಚೆಲ್ಲು, ಅದನ್ನು ಹಾಗೇ ಕಲಿಯಬೇಕು. ಆದರೆ ಇದು ವಿಚಿತ್ರ ಭಾಷೆ ಅನ್ನುವ ಭಯ ಹೋಗುತ್ತದೆ.

ಅತಿ ಹೆಚ್ಚು ಅರ್ಥ ಇರುವ ಪದ ಯಾವುದು?

ರನ್, ಮೂರೇ ಅಕ್ಷರ. ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ ಸಂಪಾದಕರಲ್ಲಿ ಒಬ್ಬರಾದ ಪೀಟರ್ ಗಿಲಿವರ್ ಇದೊಂದು ಕ್ರಿಯಾಪದಕ್ಕೆ ಸುಮಾರು ಒಂಬತ್ತು ತಿಂಗಳು ಕೆಲಸ ಮಾಡಿ 645 ಅರ್ಥ ಗುರುತಿಸಿದರು. 1989ರಲ್ಲಿ ಬಂದ ಎರಡನೇ ಆವೃತ್ತಿಯಲ್ಲಿ ಮೊದಲ ಸ್ಥಾನ ಸೆಟ್‌ಗೆ ಇತ್ತು. ಓಡು, ನಲ್ಲಿಯಲ್ಲಿ ನೀರು ಬರು, ಅಂಗಡಿ ನಡೆಸು, ಯಂತ್ರ ಚಾಲೂ ಇರು, ಚುನಾವಣೆಗೆ ನಿಲ್ಲು, ಎಲ್ಲದಕ್ಕೂ ರನ್. ಅಷ್ಟನ್ನೂ ಕಲಿಯಬೇಕಿಲ್ಲ. ಈ ಐದು ಸಾಕು.

ಓಕೆ ಎಲ್ಲಿಂದ ಬಂತು?

ಅಮೆರಿಕದಿಂದ. 1839ರ ಮಾರ್ಚ್ 23ರಂದು ಬೋಸ್ಟನ್ನಿನ ಒಂದು ಪತ್ರಿಕೆಯಲ್ಲಿ ಅಚ್ಚಾಯಿತು. "ಆಲ್ ಕರೆಕ್ಟ್" ಅನ್ನುವುದನ್ನು ಬೇಕಂತಲೇ ತಪ್ಪು ಕಾಗುಣಿತದಲ್ಲಿ ಬರೆದು, ಮೊದಲ ಅಕ್ಷರಗಳನ್ನು ಹಿಡಿದು ಓ, ಕೆ ಮಾಡಿದ್ದರು. ಆ ಕಾಲದ ಪತ್ರಿಕೆಗಳಲ್ಲಿ ಇಂಥ ತಮಾಷೆ ಬಹಳ ಇತ್ತು. ಉಳಿದವು ಮರೆತುಹೋದವು. 1840ರ ಚುನಾವಣೆಯಲ್ಲಿ ಅಧ್ಯಕ್ಷ ಮಾರ್ಟಿನ್ ವಾನ್ ಬ್ಯೂರೆನ್ ಅವರನ್ನು ಬೆಂಬಲಿಗರು ಅವರ ಊರಿನ ಹೆಸರು ಹಿಡಿದು "ಓಲ್ಡ್ ಕಿಂಡರ್‌ಹುಕ್" ಅಂತ ಕರೆದರು. ಅದರ ಮೊದಲ ಅಕ್ಷರಗಳೂ ಓ, ಕೆ. ಚುನಾವಣೆಯಲ್ಲಿ ಅವರು ಸೋತರು, ಓಕೆ ಉಳಿಯಿತು. ಇದನ್ನೆಲ್ಲ ಹುಡುಕಿ 1960ರ ದಶಕದಲ್ಲಿ ಬರೆದವರು ಅಲೆನ್ ವಾಕರ್ ರೀಡ್.

ಮನೆಯಲ್ಲಿ ಒಬ್ಬರೇ ಹೇಗೆ ಅಭ್ಯಾಸ ಮಾಡುವುದು?

ದಿನಕ್ಕೆ ಒಂದು ಕನ್ನಡ ಸಾಲು ಬರೆಯಿರಿ. ಬಾಲಗಳ ಕೆಳಗೆ ಗೆರೆ ಎಳೆಯಿರಿ. ಪ್ರತಿ ಬಾಲದ ಕೆಲಸ ಏನು ಅಂತ ಪಕ್ಕದಲ್ಲಿ ಬರೆಯಿರಿ. ಆಮೇಲೆ ಇಂಗ್ಲಿಷ್.

ಇವತ್ತಿಗೆ ಈ ಸಾಲು: "ನಿನ್ನೆ ಸಂಜೆ ಆರು ಗಂಟೆಗೆ ಅಮ್ಮನ ಜೊತೆ ಮೈಸೂರಿನಿಂದ ರೈಲಿನಲ್ಲಿ ಬಂದೆ." ಆರು ಗಂಟೆಗೆ: ಗಡಿಯಾರದ ಹೊತ್ತು, ಆ್ಯಟ್. ಅಮ್ಮನ ಜೊತೆ: ವಿತ್. ಮೈಸೂರಿನಿಂದ: ಹೊರಟ ಜಾಗ, ಫ್ರಮ್. ರೈಲಿನಲ್ಲಿ: ಇಲ್ಲಿ ರೈಲಿನ ಒಳಗೆ ಏನಾಯಿತು ಅನ್ನುವುದು ವಿಷಯವಲ್ಲ, ಹೇಗೆ ಬಂದೆ ಅನ್ನುವುದು ವಿಷಯ. ಅದಕ್ಕೆ ಬೈ ಟ್ರೇನ್, ನಡುವೆ ಎ ಕೂಡ ಬೇಡ, ದಿ ಕೂಡ ಬೇಡ. ನಿನ್ನೆ ಸಂಜೆಗೆ ಕನ್ನಡದಲ್ಲೂ ಬಾಲ ಇಲ್ಲ, ಇಂಗ್ಲಿಷಿನಲ್ಲೂ ಪುಟ್ಟ ಪದ ಇಲ್ಲ.